ಸರ್ವೆ ಆಗುವವರೆಗೆ ಮುಟ್ಟಬೇಡ: ಕೊಡಗಿನ ಒಂದು ಮನೆಯ ಪ್ರಕರಣ

2018ರ ಸೆಪ್ಟೆಂಬರ್. ಕೈಲ್ ಮುಹೂರ್ತ ಹಬ್ಬ ಕಳೆದು ಒಂದು ವಾರ ಆಗಿತ್ತು. ಕೆಸರು ತುಂಬಿದ ಕಾಫಿ ತೋಟದಲ್ಲಿ ಅಣ್ಣ ತಮ್ಮ ಇಬ್ಬರು ಒಂದು ಗುದ್ದಲಿಗಾಗಿ ಜಗಳ ಆಡುತ್ತಿದ್ದರು. ಗಿಡದ ಬುಡಕ್ಕೆ ಬಂದು ಕೂತಿದ್ದ ಮಣ್ಣನ್ನು ತೆಗೆಯಲು ತಮ್ಮ ಹೊರಟಿದ್ದ. ಅಣ್ಣ ಗುದ್ದಲಿ ಕಿತ್ತುಕೊಂಡು, "ಸರ್ವೆ ಆಗೋವರೆಗೆ ಮುಟ್ಟಬೇಡ" ಅಂದ.

ಸರ್ವೆ ಅಂದರೆ ಪರಿಹಾರ ಕೊಡಲು ಸರ್ಕಾರದವರು ಬಂದು ನಷ್ಟ ನೋಡಿ ಬರೆದುಕೊಳ್ಳುವುದು. ಆ ಒಂದು ಮಾತಿನ ಸುತ್ತ ಈ ಪ್ರಕರಣ ಇದೆ.

ನಾನು ಯಾರು ಅಂತ ಹೇಳಿಬಿಡುತ್ತೇನೆ. ಮಡಿಕೇರಿ ಕಡೆಯ ಒಂದು ಸಹಕಾರ ಸಂಘದಲ್ಲಿ ಬಹಳ ವರ್ಷ ಸಾಲದ ಲೆಡ್ಜರ್ ಬರೆದವನು. ಈಗ ನಿವೃತ್ತ. ಸರ್ಕಾರ ಎಲ್ಲವನ್ನೂ ಮಾಡಿಕೊಡಬೇಕು ಅನ್ನುವ ವಾದ ನನಗೆ ಯಾವತ್ತೂ ಒಗ್ಗಿಲ್ಲ. ಸಾಲ ಕಟ್ಟಿದವನನ್ನು ಪೆದ್ದ ಮಾಡುವ ಮನ್ನಾ ಯೋಜನೆಗಳನ್ನು ಕೌಂಟರಿನ ಈಚೆ ಕೂತು ನೋಡಿದ್ದೇನೆ. ಹಾಗಾಗಿ ನನ್ನ ಕಣ್ಣು ಯಾವ ಕಡೆ ವಾಲುತ್ತದೆ ಅಂತ ಓದುವವರಿಗೆ ಗೊತ್ತಿರಲಿ. ಈ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ಮನೆತನ ಬಿಟ್ಟಿದ್ದೇನೆ. ಇಲ್ಲಿ ಅವರು ಬರೀ ಅಣ್ಣ, ತಮ್ಮ.

ಹಿನ್ನೆಲೆ

ಆ ವರ್ಷ ಮಳೆ ಮೇ ತಿಂಗಳಿಂದಲೇ ಶುರುವಾಗಿ ಬಿಡುವು ಕೊಡಲಿಲ್ಲ. ಜುಲೈನಲ್ಲಿ ಸಣ್ಣಗೆ ಒಂದು ಭೂಕಂಪ ಬೇರೆ. ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಹಟ್ಟಿಹೊಳೆ, ಮೊಣ್ಣಂಗೇರಿ, ಜೋಡುಪಾಲ, ಹೀಗೆ ಒಂದಾದ ಮೇಲೊಂದು ಕಡೆ ಗುಡ್ಡಗಳು ಜಾರಿದವು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿ ಬಂದ್ ಆಯಿತು. ಸತ್ತವರು ಇಪ್ಪತ್ತರ ಆಸುಪಾಸು. ಸಾವಿರಾರು ಜನ ಪರಿಹಾರ ಕೇಂದ್ರ ಸೇರಿದರು.

ಈ ಅಣ್ಣ ತಮ್ಮಂದಿರಿಗೆ ಇದ್ದದ್ದು ಐದು ಎಕರೆ. ರೊಬಸ್ಟಾ ಕಾಫಿ, ಸಿಲ್ವರ್ ಮರಗಳಿಗೆ ಹಬ್ಬಿಸಿದ ಕರಿಮೆಣಸು, ಕೆಳಗೆ ಒಂದಿಷ್ಟು ಗದ್ದೆ. ಜಮ್ಮಾ ಜಾಗ. ಪಹಣಿಯಲ್ಲಿ ಇನ್ನೂ ಮುತ್ತಜ್ಜನ ಹೆಸರು. ಪಾಲುದಾರರು ಹನ್ನೊಂದು ಮಂದಿ. ಅವರಲ್ಲಿ ಕೆಲವರು ಮೈಸೂರಿನಲ್ಲಿ, ಒಬ್ಬರು ದುಬೈಯಲ್ಲಿ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ. ಹೊರಗಿನವರಿಗೆ ಇಷ್ಟು ಸಾಕು: ಜಾಗ ನಿಮ್ಮದೇ, ದುಡಿಯುವವರೂ ನೀವೇ, ಆದರೆ ಕಾಗದದಲ್ಲಿ ನೀವು ಇಲ್ಲ.

ಅಣ್ಣ ಅಜ್ಜ ಕಟ್ಟಿದ ಹಂಚಿನ ಮನೆಯಲ್ಲಿದ್ದ. ತಮ್ಮ 2015ರಲ್ಲಿ ಅದರ ಮೇಲ್ಭಾಗದಲ್ಲಿ ಜೆಸಿಬಿ ತರಿಸಿ, ಗುಡ್ಡ ಕಡಿದು, ತಟ್ಟು ಮಾಡಿ ತಾರಸಿ ಮನೆ ಕಟ್ಟಿದ. ಮೇಲೆ ಎರಡು ರೂಮು ಹೋಂಸ್ಟೇಗೆ. ಹಿಂದಿನ ಬರೆ, ಅಂದರೆ ಕಡಿದ ಗುಡ್ಡದ ನೇರ ಗೋಡೆ, ಎರಡು ಆಳು ಎತ್ತರ ಇತ್ತು. ಕಲ್ಲು ಕಟ್ಟಿಸುವುದಕ್ಕೆ ದುಡ್ಡು ಸಾಲಲಿಲ್ಲ. ಮಳೆಗಾಲ ಬಂದಾಗ ನೀಲಿ ಟಾರ್ಪಲ್ ಹೊದಿಸುತ್ತಿದ್ದ, ಎಲ್ಲರೂ ಮಾಡುವ ಹಾಗೆ. ಬರೆಯ ಬುಡದಲ್ಲಿ ಒಂದು ಒಸರು ಇತ್ತು. ಅದಕ್ಕೆ ಪೈಪ್ ಇಟ್ಟು ನೀರನ್ನು ಅಂಗಳದ ಅಂಚಿಗೆ ಬಿಟ್ಟಿದ್ದ. ಆ ಅಂಚಿನ ಕೆಳಗೆ ಇದ್ದದ್ದು ಅಣ್ಣನ ಮನೆ.

ಆಗಸ್ಟ್ 16ರ ಬೆಳಗ್ಗೆ ಒಸರಿನ ನೀರು ಕೆಂಪಾಯಿತು. ತಮ್ಮನ ಹೆಂಡತಿ ಅದನ್ನು ನೋಡಿ ಎಲ್ಲರನ್ನೂ ಹೊರಡಿಸಿದಳು. ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅರ್ಧ ಗಂಟೆಯಲ್ಲಿ ಎರಡೂ ಮನೆ ಹೋದವು. ಕೊಟ್ಟಿಗೆಯಲ್ಲಿದ್ದ ಎರಡು ಹಸು ಹೋದವು. ತೋಟದಲ್ಲಿ ಎರಡೂವರೆ ಎಕರೆ, ಅಂದರೆ ಒಂದು ಹೆಕ್ಟೇರ್, ಜಾರಿಕೊಂಡು ತೋಡಿಗೆ ಬಿತ್ತು. ಇನ್ನೊಂದು ಎಕರೆ ಮೇಲೆ ಮೊಣಕಾಲುದ್ದ ಹೂಳು ಕೂತಿತು. ಜನ ಉಳಿದರು.

ಕ್ಯಾಮೆರಾ ಎದುರು

ಮನೆಯವರೆಲ್ಲ ಪರಿಹಾರ ಕೇಂದ್ರದಲ್ಲಿ ಮೂರು ವಾರ ಇದ್ದರು. ಅಲ್ಲಿ ಊಟಕ್ಕೆ ಕೊರತೆ ಇರಲಿಲ್ಲ. ಬಟ್ಟೆ ಎಷ್ಟು ಬಂತೆಂದರೆ ಮೂಲೆಯಲ್ಲಿ ರಾಶಿ ಹಾಕಿದ್ದರು. ಅದರಲ್ಲಿ ಗುಂಡಿ ಇಲ್ಲದ ಶರ್ಟು, ಒಂಟಿ ಶೂ ಎಲ್ಲ ಇದ್ದವು. ಕೊಡುವವರ ಮನಸ್ಸು ದೊಡ್ಡದು, ಒಪ್ಪುತ್ತೇನೆ. ಆದರೂ ಒಂಟಿ ಶೂ ಯಾಕೆ ಕಳಿಸುತ್ತಾರೋ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ನಾಲ್ಕನೇ ದಿನವೋ ಐದನೇ ದಿನವೋ ಒಂದು ಚಾನೆಲ್‌ನವರು ಬಂದರು. ಹೆಸರು ಬೇಡ. ವರದಿಗಾರ ಚಿಕ್ಕ ಹುಡುಗ, ನೆನೆದು ತೊಪ್ಪೆಯಾಗಿದ್ದ. ತಮ್ಮನ ಮುಂದೆ ಮೈಕ್ ಹಿಡಿದು, "ಸರ್ಕಾರದಿಂದ ಏನಾದರೂ ಬಂತಾ?" ಅಂತ ಕೇಳಿದ.

ತಮ್ಮ ಇದ್ದದ್ದನ್ನು ಹೇಳಿದ. "ಬಟ್ಟೆ ಪಾತ್ರೆಗೆ ಅಂತ 3,800 ರೂಪಾಯಿ ಚೆಕ್ ಕೊಟ್ಟಿದ್ದಾರೆ. ಊಟ ಚೆನ್ನಾಗಿದೆ. ಡಾಕ್ಟ್ರು ಬರ್ತಾರೆ. ಮುಂದೇನು ಅಂತ ಗೊತ್ತಿಲ್ಲ."

ಹುಡುಗ ಮೈಕ್ ಇಳಿಸಿದ. "ಸರ್, ಅದು ಬೇಡ. ಮನೆ ಹೋಯ್ತಲ್ಲ, ಇನ್ನೂ ಏನೂ ಪರಿಹಾರ ಬಂದಿಲ್ಲ ಅಲ್ವಾ, ಅದನ್ನ ಹೇಳಿ."

"ಚೆಕ್ ಬಂದಿದೆಯಲ್ಲಪ್ಪ."

"3,800 ಒಂದು ಪರಿಹಾರನಾ ಸರ್?"

ಹುಡುಗ ಹೇಳಿದ್ದರಲ್ಲೂ ನ್ಯಾಯ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅವನಿಗೆ ಬೇಕಾಗಿದ್ದ ವಾಕ್ಯ ಮೊದಲೇ ತಯಾರಾಗಿತ್ತು. ಅದನ್ನು ಹೇಳುವ ಬಾಯಿ ಮಾತ್ರ ಬೇಕಿತ್ತು. ತಮ್ಮನ ಮಾತು ಎಲ್ಲೂ ಬರಲಿಲ್ಲ. ಅಲ್ಲೇ ಹಿಂದೆ ಕೂತು ಅಳುತ್ತಿದ್ದ ಅತ್ತಿಗೆಯ ಮುಖ ಸಂಜೆವರೆಗೆ ಬಂತು, ಹಿನ್ನೆಲೆಗೆ ಸಂಗೀತ ಹಾಕಿ. ಆಕೆ ಅಳುತ್ತಿದ್ದದ್ದು ಹಸುಗಳಿಗೆ. ಕೆಳಗೆ ಓಡುತ್ತಿದ್ದ ಸಾಲು ಬೇರೆ ಏನೋ ಹೇಳುತ್ತಿತ್ತು.

ಆಮೇಲೆ ಆಗಸ್ಟ್ 24ಕ್ಕೆ ಕೇಂದ್ರ ರಕ್ಷಣಾ ಸಚಿವೆ ನಿರ್ಮಲಾ ಸೀತಾರಾಮನ್ ಬಂದರು. ಮಡಿಕೇರಿಯಲ್ಲಿ ಅವರಿಗೂ ಜಿಲ್ಲಾ ಉಸ್ತುವಾರಿ ಸಚಿವ ಸಾ.ರಾ. ಮಹೇಶ್ ಅವರಿಗೂ ಕಾರ್ಯಕ್ರಮದ ಸಮಯದ ವಿಷಯದಲ್ಲಿ ಮಾತಿಗೆ ಮಾತು ಬೆಳೆಯಿತು. ನಿಮಿಷಗಳ ಮಾತು ದಿನಗಟ್ಟಲೆ ಚರ್ಚೆಯಾಯಿತು. ಯಾರು ಯಾರಿಗೆ ಅವಮಾನ ಮಾಡಿದರು ಅಂತ. ಆ ಹೊತ್ತಿಗೆ ಪರಿಹಾರ ಕೇಂದ್ರದಲ್ಲಿದ್ದ ಜನಕ್ಕೆ ಗೊತ್ತಾಗಬೇಕಿದ್ದದ್ದು ಬೇರೆ: ಯಾವ ದಾರಿ ತೆರೆದಿದೆ, ಅರ್ಜಿ ಎಲ್ಲಿ ಕೊಡಬೇಕು, ಬಾಡಿಗೆಗೆ ಏನು ದಾಖಲೆ ಬೇಕು.

ಇನ್ನೊಂದು ದೂರು ಇಲ್ಲಿ ಬಹಳ ಜನರದು. ಅದೇ ತಿಂಗಳು ಕೇರಳದಲ್ಲೂ ಪ್ರವಾಹ. ದೆಹಲಿಯ ಇಂಗ್ಲಿಷ್ ಚಾನೆಲ್‌ಗಳಿಗೆ ಕೇರಳ ಕಂಡಿತು, ಕೊಡಗು ಕಾಣಲಿಲ್ಲ. ನಾನೂ ಆಗ ಹಲ್ಲು ಕಡಿದಿದ್ದೆ. ಇದರ ಹಿಂದೆ ರಾಜಕೀಯ ಇದೆ ಅನ್ನುವ ವಾಟ್ಸಾಪ್ ಸಂದೇಶಗಳನ್ನು ಫಾರ್ವರ್ಡ್ ಮಾಡಿದವರಲ್ಲಿ ನಾನೂ ಒಬ್ಬ. ಈಗ ಯೋಚಿಸಿದರೆ, ಕೇರಳದಲ್ಲಿ ನಾನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಅದು ದೊಡ್ಡ ಸುದ್ದಿ ಆಗಲೇಬೇಕಿತ್ತು. ನಮ್ಮದು ಕಾಣದೆ ಹೋದದ್ದು ತಪ್ಪು, ಅವರದು ಕಂಡದ್ದು ತಪ್ಪಲ್ಲ. ಪಕ್ಷಪಾತ ಅಂತ ಬೊಬ್ಬೆ ಹೊಡೆಯುವವರು ನಮಗೆ ಹಿತವಾದ ಸುಳ್ಳನ್ನು ಎಷ್ಟು ಸುಲಭವಾಗಿ ಮುಂದಕ್ಕೆ ತಳ್ಳುತ್ತೇವೆ ಅನ್ನುವುದಕ್ಕೆ ನಾನೇ ಸಾಕ್ಷಿ.

ಇದೆಲ್ಲದರ ಪರಿಣಾಮ ಮನೆಯೊಳಗೆ ಆಯಿತು. ಟೀವಿಯಲ್ಲಿ ಹೆಂಡತಿಯನ್ನು ನೋಡಿದ ಮೇಲೆ ಅಣ್ಣನಿಗೆ ಒಂದು ನಂಬಿಕೆ ಬಂತು. ಇಷ್ಟು ತೋರಿಸಿದ್ದಾರೆ ಅಂದ ಮೇಲೆ ದೊಡ್ಡ ಪ್ಯಾಕೇಜ್ ಬಂದೇ ಬರುತ್ತದೆ. ಅದು ಬರುವವರೆಗೆ ನಾವು ಹೇಗಿದ್ದೇವೋ ಹಾಗೇ ಇರಬೇಕು.

ಗುದ್ದಲಿ ಜಗಳ

ಈಗ ಆ ಒಂದು ಎಕರೆಗೆ ಬರುತ್ತೇನೆ. ಬಾಯಿ ಮಾತಿನ ಪಾಲಿನಲ್ಲಿ ಅದು ಇಬ್ಬರಿಗೂ ಅರ್ಧರ್ಧ. ಗಿಡಗಳು ನಿಂತಿದ್ದವು, ಆದರೆ ಬುಡಕ್ಕೆ ಹೂಳು. ಮೆಣಸಿನ ಬಳ್ಳಿಯ ಬುಡದಲ್ಲಿ ಹೀಗೆ ಕೆಸರು ನಿಂತರೆ ಬೇರಿಗೆ ಗಾಳಿ ಹೋಗುವುದಿಲ್ಲ, ಸೊರಗು ರೋಗ ಬರುತ್ತದೆ. ಎಲೆ ಹಳದಿಯಾಗಿ ಉದುರಲು ಶುರುವಾದರೆ ಮುಗಿಯಿತು. ತಮ್ಮ ಹೇಳುತ್ತಿದ್ದದ್ದು ಅದನ್ನೇ. ಈಗಲೇ ಮಣ್ಣು ತೆಗೆದು, ಕಪ್ಪು (ಬಸಿ ಕಾಲುವೆ) ತೆಗೆದು ನೀರು ಬಿಟ್ಟು, ಬೋರ್ಡೋ ದ್ರಾವಣ ಹೊಡೆದರೆ ಒಂದಿಷ್ಟಾದರೂ ಉಳಿಯುತ್ತದೆ.

ಅಣ್ಣನ ಲೆಕ್ಕ ಬೇರೆ. "ನೀನು ಚೊಕ್ಕ ಮಾಡಿಟ್ಟರೆ ಬಂದವರು ಏನು ನೋಡ್ತಾರೆ? ತೋಟ ಚೆನ್ನಾಗೇ ಇದೆ ಅಂತ ಬರ್ಕೊಂಡು ಹೋಗ್ತಾರೆ. ನಿನ್ನ ಬುದ್ಧಿವಂತಿಕೆಗೆ ನಮ್ಮಿಬ್ಬರ ಪರಿಹಾರ ಹೋಗುತ್ತೆ."

ಅಣ್ಣ ಸೋಮಾರಿ ಅಂತ ಯಾರೂ ತಿಳಿಯಬೇಡಿ. ಹದಿನಾಲ್ಕನೇ ವಯಸ್ಸಿಗೆ ಕಣದಲ್ಲಿ ಕಾಫಿ ಹರಡುತ್ತಿದ್ದವನು. ಅವನ ಮಾತಿನಲ್ಲಿ ಲೆಕ್ಕಾಚಾರ ಇತ್ತು. ಹಾಳಾದದ್ದನ್ನು ಹಾಳಾದ ಹಾಗೇ ತೋರಿಸಿದವನಿಗೆ ದುಡ್ಡು. ಸರಿ ಮಾಡಿಕೊಂಡವನಿಗೆ ಇಲ್ಲ. ನಿಯಮ ಬರೆದವರಿಗೆ ಈ ಉದ್ದೇಶ ಇರಲಿಕ್ಕಿಲ್ಲ. ಆದರೆ ತೋಟದಲ್ಲಿ ನಿಂತವನಿಗೆ ಅದು ಹೀಗೇ ಕೇಳಿಸುತ್ತದೆ.

ತಮ್ಮ ನನ್ನ ಹತ್ತಿರ ಬಂದ. ಏನು ಮಾಡಲಿ ಸಾರ್ ಅಂದ. ನಾನು ಆಗ ಕೊಟ್ಟ ಸಲಹೆ ಬರೆಯಲು ನಾಚಿಕೆ ಆಗುತ್ತದೆ. "ಸುಮ್ನೆ ಅಣ್ಣ ಹೇಳಿದಂಗೆ ಕೇಳು. ಸರ್ವೆ ಹದಿನೈದು ದಿನದಲ್ಲಿ ಆಗುತ್ತೆ" ಅಂದೆ. ಜೀವನವಿಡೀ ಸ್ವಂತ ಕಾಲು, ಸ್ವಂತ ಜವಾಬ್ದಾರಿ ಅಂತ ಮಾತಾಡಿದವನು ನಾನು. ಸಮಯ ಬಂದಾಗ ನಾನೂ ಕಾಯಿ ಅಂದೆ.

ಅವನು ಕೇಳಲಿಲ್ಲ. ಆದರೆ ಹಟಕ್ಕೂ ಬೀಳಲಿಲ್ಲ. ಗ್ರಾಮಲೆಕ್ಕಿಗರಿಗೆ ಫೋನ್ ಮಾಡಿ, ನೀವು ಬರೋದು ಯಾವಾಗ ಅಂತ ಕೇಳಿದ. ಗೊತ್ತಿಲ್ಲ ಅಂದರು. ಪಾಪ, ಅವರಿಗೂ ಇದ್ದದ್ದು ಎರಡೇ ಕೈ. ತಮ್ಮ ಪಂಚಾಯಿತಿ ಸದಸ್ಯರೊಬ್ಬರನ್ನೂ ಪಕ್ಕದ ತೋಟದವರಿಬ್ಬರನ್ನೂ ಕರೆದುಕೊಂಡು ಹೋದ. ಪ್ರತಿ ಸಾಲಿನ ಫೋಟೋ ತೆಗೆದ, ಒಂದು ಅಳತೆ ಕೋಲು ಹೂಳಿನಲ್ಲಿ ನೆಟ್ಟು. ಬಿಳಿ ಹಾಳೆಯಲ್ಲಿ ಮಹಜರಿನ ಹಾಗೆ ಬರೆದು ಎಲ್ಲರ ಸಹಿ ಹಾಕಿಸಿದ. ಒಂದು ಪ್ರತಿ ಕಚೇರಿಗೆ ಕೊಟ್ಟು ಸೀಲ್ ಹಾಕಿಸಿಕೊಂಡ. ಮಾರನೇ ದಿನ ತನ್ನ ಅರ್ಧ ಎಕರೆಗೆ ಇಳಿದ. ಅವನು, ಹೆಂಡತಿ, ಒಬ್ಬ ಕೂಲಿಯವ. ಹದಿನೆಂಟು ದಿನ.

ಅಣ್ಣನ ಅರ್ಧ ಎಕರೆ ಹಾಗೇ ಇತ್ತು. ನಡುವೆ ಒಂದು ಹಗ್ಗ ಕಟ್ಟಿದ್ದ.

ಸರ್ವೆ ಆದದ್ದು ಡಿಸೆಂಬರ್‌ನಲ್ಲಿ. ಪುತ್ತರಿ ಹಬ್ಬ ಕಳೆದ ಮೇಲೆ.

ಲೆಕ್ಕ

ಕೈಗೆ ಬಂದದ್ದು ಎಷ್ಟು ಅಂತ ಬರೆಯುತ್ತೇನೆ. ಪ್ಯಾಕೇಜ್ ಅನ್ನುವ ಪದ ಕೇಳಿದವರು ಇದನ್ನು ನೋಡಬೇಕು.

ಆಗ ಜಾರಿಯಲ್ಲಿದ್ದ ವಿಪತ್ತು ಪರಿಹಾರ ನಿಧಿಯ ದರದಂತೆ, ಭೂಕುಸಿತದಲ್ಲಿ ಜಮೀನೇ ಕೊಚ್ಚಿಹೋದರೆ ಸಣ್ಣ ರೈತರಿಗೆ ಹೆಕ್ಟೇರಿಗೆ 37,500 ರೂಪಾಯಿ. ಇವರದು ಒಂದು ಹೆಕ್ಟೇರ್. ಇಬ್ಬರಿಗೂ ಸೇರಿ 37,500. ಮೂರು ತಲೆಮಾರು ಬೆಳೆಸಿದ ತೋಟಕ್ಕೆ. ಅದಕ್ಕೂ ಹನ್ನೊಂದು ಪಾಲುದಾರರ ಒಪ್ಪಿಗೆ ಪತ್ರ, ವಂಶವೃಕ್ಷ. ದುಬೈಯವರ ಸಹಿ ಬರಲು ನಾಲ್ಕು ತಿಂಗಳು.

ಹೂಳು ತೆಗೆಯಲು ಹೆಕ್ಟೇರಿಗೆ 12,200. ಅರ್ಧ ಎಕರೆಗೆ ಹಾಕಿದರೆ ಸುಮಾರು 2,440 ರೂಪಾಯಿ. ಹಗ್ಗದ ಆಚೆ ಹಾಗೇ ಬಿಟ್ಟಿದ್ದ ಅಣ್ಣನಿಗೆ ಅದು ಬಂತು. ತಮ್ಮನಿಗೆ ಬರಲಿಲ್ಲ. ಬಂದವರು ಫೋಟೋ ನೋಡಿದರು, ಸೀಲ್ ನೋಡಿದರು, "ಈಗ ಹೂಳು ಇಲ್ಲವಲ್ಲ" ಅಂದರು.

ಅಂದರೆ ಅಣ್ಣನ ಮಾತು ನಿಜವಾಯಿತು. ಅವನು ಹೇಳಿದ ಹಾಗೇ ಆಯಿತು. 2,440 ರೂಪಾಯಿ ಮಟ್ಟಿಗೆ.

ಆ ಹೊತ್ತಿಗೆ ಅಣ್ಣನ ಕಡೆಯ ಮೆಣಸಿನ ಬಳ್ಳಿಗಳಲ್ಲಿ ಮುಕ್ಕಾಲು ಪಾಲು ಒಣಗಿದ್ದವು. ತಮ್ಮನ ಕಡೆ ಅರ್ಧಕ್ಕಿಂತ ಜಾಸ್ತಿ ಉಳಿದವು. ಫೆಬ್ರವರಿಯಲ್ಲಿ ಆ ಅರ್ಧ ಎಕರೆಯಿಂದ ಬಂದ ಮೆಣಸು ದೊಡ್ಡ ಮೊತ್ತವೇನಲ್ಲ. ಆದರೆ 2,440ಕ್ಕೆ ಹೋಲಿಸುವಷ್ಟು ಚಿಕ್ಕದೂ ಅಲ್ಲ.

ಸರ್ಕಾರ ಏನೂ ಮಾಡಲಿಲ್ಲ ಅಂತ ಮಾತ್ರ ನಾನು ಹೇಳಲಾರೆ. ಹಾಗೆ ಹೇಳಿದರೆ ಆ ವರದಿಗಾರ ಹುಡುಗನಿಗೂ ನನಗೂ ಏನು ವ್ಯತ್ಯಾಸ? ಮನೆ ಕಳೆದುಕೊಂಡವರಿಗೆ ತಿಂಗಳಿಗೆ 10,000 ಬಾಡಿಗೆ ಕೊಟ್ಟರು. ಅದಿಲ್ಲದಿದ್ದರೆ ತಮ್ಮ ತೋಟಕ್ಕೆ ಇಳಿಯುತ್ತಿರಲಿಲ್ಲ, ಬೆಂಗಳೂರಿಗೆ ಹೋಗಿ ಯಾವುದೋ ಗೇಟಿನಲ್ಲಿ ಸೆಕ್ಯೂರಿಟಿ ಆಗಿರುತ್ತಿದ್ದ. ಸುಂಟಿಕೊಪ್ಪದ ಹತ್ತಿರ ಬಾಡಿಗೆ ಮನೆ ಹಿಡಿದು, ದಿನಾ ಬಸ್ಸಿನಲ್ಲಿ ತೋಟಕ್ಕೆ ಬಂದು ಹೋಗಲು ಸಾಧ್ಯವಾದದ್ದು ಆ ದುಡ್ಡಿನಿಂದ. ಆಮೇಲೆ ಮನೆಗಳನ್ನೂ ಕಟ್ಟಿಸಿದರು. ಜಂಬೂರು, ಮದೆನಾಡು, ಕರ್ಣಂಗೇರಿ, ಗಾಳಿಬೀಡು, ಬಿಳಿಗೇರಿ ಕಡೆ, ಮನೆಗೆ 9.85 ಲಕ್ಷ ವೆಚ್ಚದಲ್ಲಿ ಎರಡು ಬೆಡ್‌ರೂಮಿನವು. ಮೊದಲ ಕೀಲಿಗಳನ್ನು ಕೊಟ್ಟದ್ದು 2020ರ ಜೂನ್‌ನಲ್ಲಿ. ತಡ ಆಯಿತು, ಆದರೆ ಬಂತು.

ಸಹಕಾರ ಸಂಘದ ಬೆಳೆ ಸಾಲಕ್ಕೆ 1 ಲಕ್ಷದವರೆಗೆ ಮನ್ನಾ ಘೋಷಣೆ ಆದದ್ದೂ 2018ರಲ್ಲೇ. ತಮ್ಮ ಅದನ್ನೂ ತಗೊಂಡ. ಯಾಕೆ ತಗೊಳ್ಳಬಾರದು? ಅವನೇನು ಸನ್ಯಾಸಿಯಾ? ಬಂದದ್ದನ್ನು ತಗೊಳ್ಳುವುದು ಬೇರೆ, ಬರುತ್ತದೆ ಅಂತ ಗುದ್ದಲಿ ಕೆಳಗಿಡುವುದು ಬೇರೆ. ಹೀಗೆ ಬಾಯಲ್ಲಿ ಹೇಳುವುದು ಸುಲಭ. ಆದರೆ ಕೆಸರಿನಲ್ಲಿ ನಿಂತಾಗ ಈ ಎರಡನ್ನು ಬಿಡಿಸಿ ನೋಡುವುದು ನನ್ನಂಥ ಲೆಡ್ಜರಿನವನಿಗೂ ಆಗಲಿಲ್ಲ.

ಬರೆಯ ವಿಷಯ

ಈ ಪ್ರಕರಣವನ್ನು ಇಲ್ಲಿಗೇ ನಿಲ್ಲಿಸಿದರೆ ತಮ್ಮ ಹೀರೋ ಆಗುತ್ತಾನೆ. ಅವನಿಗೇ ಅದು ಇಷ್ಟ ಇಲ್ಲ. ಬರೆಯುವುದಾದರೆ ಬರೆಯ ವಿಷಯವನ್ನೂ ಬರೀರಿ ಅಂತ ಅವನೇ ಹೇಳಿದ್ದು.

ಗುಡ್ಡ ಯಾಕೆ ಕುಸಿಯಿತು ಅನ್ನುವುದಕ್ಕೆ ಆಗ ಸ್ಟುಡಿಯೋಗಳಲ್ಲಿ ಎರಡೇ ಉತ್ತರ. ಒಂದು ಕಡೆ ಪ್ರಕೃತಿಯ ಮುನಿಸು. ಇನ್ನೊಂದು ಕಡೆ ಹೋಂಸ್ಟೇ, ರೆಸಾರ್ಟ್ ಮಾಫಿಯಾ. ಮೊದಲನೆಯದರಲ್ಲಿ ಯಾರದೂ ತಪ್ಪಿಲ್ಲ, ಎರಡನೆಯದರಲ್ಲಿ ತಪ್ಪೆಲ್ಲ ಇನ್ಯಾರದೋ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು ಬಂದು ನೋಡಿ ಹೋದ ಮೇಲೆ ಹೇಳಿದ್ದು ಇನ್ನೂ ಸಪ್ಪೆ ವಿಷಯ. ಮಳೆ ವಿಪರೀತ, ನಿಜ. ಜೊತೆಗೆ ಮನೆಗೆ, ರಸ್ತೆಗೆ, ತೋಟಕ್ಕೆ ಅಂತ ಇಳಿಜಾರನ್ನು ನೇರಕ್ಕೆ ಕಡಿದದ್ದು, ನೀರು ಹೋಗಲು ದಾರಿ ಮಾಡದೆ ಇದ್ದದ್ದು. ಮಾಫಿಯಾ ಅಂತ ಬೈಯುತ್ತಿದ್ದ ಪಟ್ಟಿಯಲ್ಲಿ ಎರಡು ರೂಮಿನ ಹೋಂಸ್ಟೇ ಮಾಡಿಕೊಂಡ ಐದು ಎಕರೆಯವನೂ ಸೇರಿದ್ದ.

2019ರ ಆಗಸ್ಟ್‌ನಲ್ಲಿ ಮತ್ತೆ ಮಳೆ ಜೋರಾಯಿತು. ವಿರಾಜಪೇಟೆ ಕಡೆ ತೋರದಲ್ಲಿ ಗುಡ್ಡ ಕುಸಿದ ಸುದ್ದಿ ಬಂತು. ಆ ರಾತ್ರಿ ಅಣ್ಣ ತಮ್ಮ ಇಬ್ಬರೂ ತಮ್ಮನ ಬಾಡಿಗೆ ಮನೆಯಲ್ಲಿದ್ದರು. ಹಗ್ಗ ಕಟ್ಟಿದ ಮೇಲೆ ಅವರು ಸರಿಯಾಗಿ ಮಾತಾಡಿದ್ದೇ ಕಡಿಮೆ. ಕರೆಂಟ್ ಇಲ್ಲ. ತಮ್ಮ ಹೇಳಿದನಂತೆ, "ಅಣ್ಣ, ಒಸರಿನ ಪೈಪ್ ನಿನ್ನ ಮನೆ ತಲೆ ಮೇಲೆ ಬಿಟ್ಟಿದ್ದು ನಾನು. ಬರೆ ಕಡಿದಿದ್ದೂ ನಾನೇ."

ಅಣ್ಣ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಜೆಸಿಬಿಗೆ ಅರ್ಧ ದುಡ್ಡು ಕೊಟ್ಟಿದ್ದು ಯಾರು?" ಅಂದ.

ನನಗೆ ಈ ವಿಷಯ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಹೋಂಸ್ಟೇ ಲಾಭದಲ್ಲಿ ಅಣ್ಣನಿಗೂ ಪಾಲು ಇತ್ತಂತೆ.

ಬರೆ ಕಡಿಯದಿದ್ದರೂ ಆ ಗುಡ್ಡ ಬರುತ್ತಿತ್ತೋ ಏನೋ. ಮೇಲಿನಿಂದಲೇ ಬಿರುಕು ಬಿಟ್ಟಿತ್ತು. ಆದರೆ ಆ ರಾತ್ರಿಯ ಮಾತಿನಿಂದ ಮುಂದಿನ ಕೆಲಸ ಬದಲಾಯಿತು. ಹಳೆ ಜಾಗದಲ್ಲಿ ಮನೆ ಕಟ್ಟುವ ಯೋಚನೆಯನ್ನು ಇಬ್ಬರೂ ಬಿಟ್ಟರು. ತಟ್ಟು ಮಾಡಿದ್ದ ಜಾಗದಲ್ಲಿ ಲಾವಂಚ ನೆಟ್ಟರು. ಒಸರಿನ ನೀರಿಗೆ ಕಲ್ಲು ಜೋಡಿಸಿ ತೋಡಿನವರೆಗೆ ಕಾಲುವೆ ಮಾಡಿದರು. ಹೂಳು ಕೂತಿದ್ದ ಅಣ್ಣನ ಅರ್ಧ ಎಕರೆಗೆ ತಮ್ಮನೂ ಇಳಿದ. ಹಗ್ಗ ಬಿಚ್ಚಿದ್ದು ಅಣ್ಣನ ಮಗ. ಯಾರೂ ಅವನಿಗೆ ಹೇಳಿರಲಿಲ್ಲ.

ಈಗ

ಇಬ್ಬರಿಗೂ ಸರ್ಕಾರ ಕಟ್ಟಿಸಿದ ಲೇಔಟಿನಲ್ಲಿ ಮನೆ ಸಿಕ್ಕಿದೆ. ಅಣ್ಣನಿಗೆ ತಮ್ಮನಿಗಿಂತ ತಡವಾಗಿ. ಲೇಔಟಿನಲ್ಲಿ ಹಸು ಕಟ್ಟಲು ಜಾಗ ಇಲ್ಲ, ಅತ್ತಿಗೆಗೆ ಅದೊಂದು ಕೊರಗು. ಉಳಿದ ಎರಡೂವರೆ ಎಕರೆಯ ಜೊತೆ ಪಕ್ಕದ ಒಂದು ತೋಟವನ್ನು ಗುತ್ತಿಗೆಗೆ ಹಿಡಿದಿದ್ದಾರೆ. 2024ರಲ್ಲಿ ರೊಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) 50 ಕೆ.ಜಿ. ಮೂಟೆಗೆ 10,000 ದಾಟಿದಾಗ ಇವರ ಕೈಯಲ್ಲೂ ಒಂದಿಷ್ಟು ಮೂಟೆ ಇತ್ತು. ಅದು ಇವರ ಬುದ್ಧಿವಂತಿಕೆ ಅಲ್ಲ, ಅದೃಷ್ಟ. ಆದರೆ ಗಿಡ ಇದ್ದದ್ದಕ್ಕೆ ಅದೃಷ್ಟ ಬಂದು ಕೂರಲು ಜಾಗ ಸಿಕ್ಕಿತು.

ಸಂಘದ ಸಭೆಗಳಲ್ಲಿ ನಾನು ಈ ಪ್ರಕರಣ ಹೇಳುವಾಗ ಮೂರು ವಿಷಯಕ್ಕೆ ಒತ್ತು ಕೊಡುತ್ತೇನೆ. ಫೋಟೋ, ಮಹಜರು, ಸೀಲ್ ಆದ ಮೇಲೆ ಕಾಯಬೇಡಿ, ಕೆಲಸ ಶುರು ಮಾಡಿ. ಸಿಗುವ ಪರಿಹಾರದ ದರ ಎಷ್ಟು ಅಂತ ಕೇಳಿ ಕಾಗದದಲ್ಲಿ ಬರೆದು ನೋಡಿ, ಟೀವಿಯ ಪ್ಯಾಕೇಜ್ ಮಾತು ಕೇಳಬೇಡಿ. ಪಹಣಿ ಸರಿ ಮಾಡಿಸಿಕೊಳ್ಳಿ, ಬಿಸಿಲು ಇರುವಾಗಲೇ. ಅಧಿಕಾರಿಗಳು ಸಿಕ್ಕರೆ ಇನ್ನೊಂದು ಹೇಳುತ್ತೇನೆ: ಸರಿ ಮಾಡಿಕೊಂಡವನ ಫೋಟೋವನ್ನೂ ಲೆಕ್ಕಕ್ಕೆ ತಗೊಳ್ಳಿ ಸ್ವಾಮಿ. ತಲೆ ಆಡಿಸುತ್ತಾರೆ.

ಮೂರನೆಯದನ್ನು ಇವರೇ ಇನ್ನೂ ಮಾಡಿಲ್ಲ. ಪಹಣಿ ಮುತ್ತಜ್ಜನ ಹೆಸರಿನಲ್ಲೇ ಇದೆ. ಮೊನ್ನೆ ಅಣ್ಣ ತಮ್ಮ ಇಬ್ಬರೂ ಒಂದೇ ಬೈಕಿನಲ್ಲಿ ನಾಡಕಚೇರಿಗೆ ಹೋಗಿದ್ದರು. ಸರ್ವರ್ ಡೌನ್ ಅಂದರಂತೆ. ಬರುವಾಗ ಅರ್ಧ ಕಿಲೋ ಮೀನು ತಗೊಂಡು ಬಂದರು.